ಒಂದೇ ಮನೆಯಲ್ಲಿ ಎರಡು ಕಲ್ಲು: ಕತ್ತರಿ ಯಾರಿಗೆ?

ದಾವಣಗೆರೆ ಮಂಡಿಪೇಟೆಯ ಕಿರಾಣಿ ಅಂಗಡಿಯೊಂದರ ಗಲ್ಲಾಪೆಟ್ಟಿಗೆಯಲ್ಲಿ ನೋಟು, ಚಿಲ್ಲರೆ, ಉದ್ರಿ ಚೀಟಿಗಳ ಜೊತೆಗೆ ಒಂದು ಸ್ಕ್ಯಾನಿಂಗ್ ರಿಪೋರ್ಟೂ ಮಡಚಿ ಬಿದ್ದಿದೆ. ಯಜಮಾನರು ದಿನಕ್ಕೆ ನಾಲ್ಕು ಸಲ ಅದನ್ನು ಬಿಚ್ಚಿ ನೋಡುತ್ತಾರೆ, ಮತ್ತೆ ಮಡಚಿ ಒಳಗಿಡುತ್ತಾರೆ. ವಯಸ್ಸು 52. ಹೊಟ್ಟೆನೋವಿಲ್ಲ, ಜ್ವರವಿಲ್ಲ, ವಾಂತಿಯಿಲ್ಲ. ಬೇರೇನೋ ತಪಾಸಣೆಗೆ ಹೋದಾಗ ಹೊಟ್ಟೆಯ ಮೇಲೆ ಮೆಷಿನ್ ಆಡಿಸಿದರು. ಪಿತ್ತಕೋಶದಲ್ಲಿ 11 ಮಿಲಿಮೀಟರಿನ ಕಲ್ಲೊಂದು ಕಂಡಿತು. ಅಷ್ಟೇ.

ಅಂದಿನಿಂದ ಅವರಿಗೆ ಊಟ ಸೇರುತ್ತಿಲ್ಲ. ನಲವತ್ತು ವರ್ಷದ ಸ್ನೇಹವಾದ ಬೆಣ್ಣೆ ದೋಸೆಗೂ ಸಲಾಮು ಹೊಡೆದಾಯಿತು. ಸಾಮಾನು ಕೊಳ್ಳಲು ಬಂದವರೆಲ್ಲ ಈಗ ಡಾಕ್ಟರುಗಳೇ. “ಅಣ್ಣಾರ, ಬಾಳೆದಿಂಡಿನ ರಸ ಕುಡೀರಿ. ನಮ್ಮ ಭಾವಗೆ ಎಂಟೇ ದಿನಕ್ಕೆ ಪುಡಿಪುಡಿ ಆಗಿ ಹೋತು!” ಎಂದು ಒಬ್ಬರು. “ಸುಮ್ನೆ ಕೊಯ್ಸಿ ಬಿಸಾಕ್ರಿ, ನಾಳೆ ಕ್ಯಾನ್ಸರ್ ಆದ್ರೆ ಏನ್ಮಾಡ್ತೀರಿ?” ಎಂದು ಇನ್ನೊಬ್ಬರು.

ಅದೇ ಮನೆಯಲ್ಲಿ ಅವರ ತಮ್ಮನ ಹೆಂಡತಿಗೂ ಕಲ್ಲಿತ್ತು. ಆಕೆಗೆ 38 ವರ್ಷ. ಎರಡು ವರ್ಷದಿಂದ ಮದುವೆ ಊಟ ಉಂಡು ಬಂದ ರಾತ್ರಿಯೆಲ್ಲ ಎದೆಗುಂಡಿಯ ಕೆಳಗೆ ಹಿಂಡಿ ಹಿಪ್ಪೆ ಮಾಡುವ ನೋವು. ಅದಕ್ಕೆ ಮನೆಯವರು ಇಟ್ಟ ಹೆಸರು ‘ಗ್ಯಾಸು’. ಸೋಡಾ ಕುಡಿಸಿದರು, ಜೀರಿಗೆ ಕಷಾಯ ಕೊಟ್ಟರು, ಮೆಡಿಕಲ್ ಶಾಪಿನ ಗುಳಿಗೆ ನುಂಗಿಸಿದರು. ಆಕೆಯ ಕಲ್ಲಿನ ಬಗ್ಗೆ ಅಂಗಡಿಯಲ್ಲಿ ಯಾರೂ ಮಾತಾಡಲಿಲ್ಲ.

ಹೆದರಬೇಕಾಗಿಲ್ಲದವರು ಹೆದರಿದರು, ಹೆದರಬೇಕಾದವರು ಸೋಡಾ ಕುಡಿದರು. ಈ ಊರಿನಲ್ಲಿ ಎಷ್ಟೋ ಮನೆಗಳ ಕಥೆ ಇದೇ.

ಪಿತ್ತ ನೆತ್ತಿಯಲ್ಲಿಲ್ಲ

ಪಿತ್ತ ಕೆದರಿದೆ, ಪಿತ್ತ ನೆತ್ತಿಗೇರಿದೆ ಎಂದು ನಾವು ಬೈದಾಡುವಾಗ ಹೇಳುವುದುಂಟು. ನಿಜವಾದ ಪಿತ್ತ ಇರುವುದು ಬಲಗಡೆ ಪಕ್ಕೆಲುಬಿನ ಅಡಿಯಲ್ಲಿ. ಲಿವರ್, ಅಂದರೆ ಯಕೃತ್ತು, ಪಿತ್ತರಸ ತಯಾರಿಸುವ ಕಾರ್ಖಾನೆ. ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರ್‌ವರೆಗೆ ಮಾಲು ಹೊರಡುತ್ತದೆ. ಅದರ ಕೆಳಗೆ ಅಂಟಿಕೊಂಡ ಸಣ್ಣ ಚೀಲವೇ ಪಿತ್ತಕೋಶ, ಗಾಲ್‌ಬ್ಲಾಡರ್. ಅದು ಗೋಡೌನ್ ಇದ್ದಂತೆ. ಹಿಡಿಯುವುದು 30ರಿಂದ 50 ಮಿಲಿಲೀಟರ್, ಒಂದು ಸಣ್ಣ ಟೀ ಲೋಟಕ್ಕಿಂತ ಕಡಿಮೆ. ಆದರೆ ನೀರು ಹೀರಿ ರಸವನ್ನು ಗಟ್ಟಿ ಮಾಡಿ ಇಡುತ್ತದೆ. ಎಣ್ಣೆ, ತುಪ್ಪ, ಬೆಣ್ಣೆ ಕರುಳಿಗೆ ಇಳಿದ ಕೂಡಲೇ ಚೀಲ ಹಿಂಡಿಕೊಂಡು ರಸವನ್ನು ನಾಳದ ಮೂಲಕ ಕಳಿಸುತ್ತದೆ. ಜಿಡ್ಡು ಕರಗುವುದು ಆ ರಸದಿಂದ.

ರಸದಲ್ಲಿ ಕೊಲೆಸ್ಟರಾಲ್ ಪ್ರಮಾಣ ಮೀರಿದರೆ, ಅಥವಾ ಚೀಲ ಸರಿಯಾಗಿ ಖಾಲಿಯಾಗದೆ ಮಾಲು ಅಲ್ಲೇ ಕೂತರೆ, ಮಡ್ಡಿ ಕಟ್ಟುತ್ತದೆ. ಮಡ್ಡಿ ಹರಳಾಗಿ, ಹರಳು ಕಲ್ಲಾಗುತ್ತದೆ. ಇನ್ನೊಂದು ಜಾತಿಯ ಕಲ್ಲು ಕಪ್ಪಗೆ ಇರುತ್ತದೆ. ಅದು ಕೊಲೆಸ್ಟರಾಲಿನದಲ್ಲ, ರಕ್ತಕಣ ಒಡೆದಾಗ ಬರುವ ಬಣ್ಣದ್ದು. ಉತ್ತರ ಭಾರತದಲ್ಲಿ ಮೊದಲ ಜಾತಿ ಜಾಸ್ತಿ, ನಮ್ಮ ದಕ್ಷಿಣದಲ್ಲಿ ಬಣ್ಣದ ಕಲ್ಲಿನ ಪಾಲು ಹೆಚ್ಚು. ಈ ಮಾತು ನೆನಪಿರಲಿ, ಗುಳಿಗೆ ವಿಚಾರಕ್ಕೆ ಬಂದಾಗ ಬೇಕಾಗುತ್ತದೆ.

ಗಂಡಸರಿಗಿಂತ ಹೆಂಗಸರಿಗೆ ಈ ಕಲ್ಲು ಹೆಚ್ಚು. ಬಸುರಿ ಬಾಣಂತನ ಒಂದು ಕಾರಣ. ಬೊಜ್ಜು, ಸಕ್ಕರೆ ಕಾಯಿಲೆ, ವಯಸ್ಸು ಇನ್ನುಳಿದವು. ತೂಕ ಇಳಿಸುತ್ತೇನೆಂದು ಗಬಕ್ಕನೆ ಉಪವಾಸ ಬಿದ್ದು ತಿಂಗಳಿಗೆ ಹತ್ತು ಕೆ.ಜಿ. ಕರಗಿಸುವವರಿಗೂ ಕಲ್ಲು ಕಟ್ಟುತ್ತದೆ! ಬೆಳಿಗ್ಗೆ ಬರೀ ಚಾ ಕುಡಿದು ಅಂಗಡಿ ಬಾಗಿಲು ತೆಗೆದು, ಮೂರು ಗಂಟೆಗೆ ಊಟ ಮಾಡುವ ವ್ಯಾಪಾರಸ್ಥರ ಗೋಡೌನ್ ಅಷ್ಟು ಹೊತ್ತೂ ಬೀಗ ಹಾಕಿಕೊಂಡೇ ಇರುತ್ತದೆ.

ಬಾಳೆದಿಂಡಿಗೆ ದಾರಿ ಗೊತ್ತಿಲ್ಲ

ನಮ್ಮ ಜನಕ್ಕೆ ಕಲ್ಲು ಎಂದರೆ ಎಲ್ಲ ಒಂದೇ. ಇಲ್ಲಿಯೇ ಎಡವಟ್ಟು. ಕಿಡ್ನಿಯ ಕಲ್ಲು ಮೂತ್ರದ ದಾರಿಯಲ್ಲಿರುತ್ತದೆ. ಸಣ್ಣದಾಗಿದ್ದರೆ ಚೆನ್ನಾಗಿ ನೀರು ಕುಡಿದು ಕಾದರೆ ಎಷ್ಟೋ ಸಲ ತಾನಾಗಿಯೇ ಹೋಗುತ್ತದೆ. ಆ ಹೊತ್ತಿಗೆ ಬಾಳೆದಿಂಡಿನ ರಸವನ್ನೋ, ಹುರುಳಿ ಕಟ್ಟನ್ನೋ, ಬಾರ್ಲಿ ನೀರನ್ನೋ ಕುಡಿದವರು ಅದಕ್ಕೇ ಕೀರ್ತಿ ಕೊಡುತ್ತಾರೆ. ಕೊಡಲಿ, ಜಗಳವಿಲ್ಲ. ಆದರೆ ಪಿತ್ತಕೋಶಕ್ಕೂ ಮೂತ್ರಕ್ಕೂ ಸಂಬಂಧವೇ ಇಲ್ಲ. ಹರಿಹರದ ಬಸ್ಸು ಹತ್ತಿ ಚನ್ನಗಿರಿಯಲ್ಲಿ ಇಳಿಸಿ ಎಂದ ಹಾಗೆ. ಭಾವನಿಗೆ ಪುಡಿಯಾಗಿದ್ದು ಯಾವ ಕಲ್ಲು ಎಂದು ವಿಚಾರಿಸಿದರೆ ಹತ್ತಕ್ಕೆ ಒಂಬತ್ತು ಸಲ ಕಿಡ್ನಿಯದ್ದೇ ಇರುತ್ತದೆ.

ಇನ್ನೊಂದು ಪವಾಡ ಮೊಬೈಲಿನಲ್ಲಿ ಓಡಾಡುತ್ತಿದೆ. ಆಲಿವ್ ಎಣ್ಣೆಗೆ ನಿಂಬೆರಸ ಬೆರೆಸಿ ರಾತ್ರಿ ಕುಡಿದರೆ ಬೆಳಿಗ್ಗೆ ಹಸಿರು ಕಲ್ಲುಗಳು ಉದುರುತ್ತವಂತೆ. ಉದುರುವುದು ನಿಜ! ಆದರೆ ಅದು ಕಲ್ಲಲ್ಲ. 2005ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯ ಪತ್ರಿಕೆಯಲ್ಲಿ ನ್ಯೂಜಿಲೆಂಡಿನ ಇಂಥ ಪ್ರಸಂಗ ಅಚ್ಚಾಯಿತು. 40 ವರ್ಷದ ಹೆಂಗಸೊಬ್ಬರು 600 ಮಿಲಿಲೀಟರ್ ಆಲಿವ್ ಎಣ್ಣೆ, 300 ಮಿಲಿಲೀಟರ್ ನಿಂಬೆರಸ ಕುಡಿದು, ಬಿದ್ದ ಹಸಿರು ಗೋಲಿಗಳನ್ನು ಜೋಪಾನವಾಗಿ ಆಸ್ಪತ್ರೆಗೆ ತಂದರು. ಪರೀಕ್ಷೆ ಮಾಡಿದರೆ ಅದರಲ್ಲಿ ಕೊಲೆಸ್ಟರಾಲೂ ಇಲ್ಲ, ಪಿತ್ತದ ಬಣ್ಣವೂ ಇಲ್ಲ. 40 ಡಿಗ್ರಿ ಬಿಸಿಗೆ ಕರಗಿ ಎಣ್ಣೆಯಾಯಿತು. ಕುಡಿದ ಎಣ್ಣೆಯೇ ಹೊಟ್ಟೆಯೊಳಗೆ ಸಾಬೂನು ಕಟ್ಟಿ ಹೊರಬಂದಿತ್ತು.

ಕಂಡಾಕ್ಷಣ ಕೊಯ್ಯಬೇಕೆ?

ಈಗ ಮಂಡಿಪೇಟೆ ಯಜಮಾನರ ಪ್ರಶ್ನೆ. ನೋವೇ ಇಲ್ಲದ ಕಲ್ಲಿಗೆ ಆಪರೇಷನ್ ಬೇಕೆ?

ಇದಕ್ಕೆ 1982ರಲ್ಲೇ ಒಂದು ಉತ್ತರ ಬಂದಿದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ತಪಾಸಣೆಯ ವೇಳೆ ಅಕಸ್ಮಾತ್ ಕಲ್ಲು ಕಂಡ 123 ಜನರನ್ನು ವರ್ಷಗಟ್ಟಲೆ ಗಮನಿಸಿದರು. 15 ವರ್ಷದ ಲೆಕ್ಕ ಹಾಕಿದಾಗ ನೋವು ಬಂದದ್ದು ನೂರಕ್ಕೆ 18 ಜನರಿಗೆ ಮಾತ್ರ. ಅವರಲ್ಲಿ ಗಂಡಸರೇ ಹೆಚ್ಚಾಗಿದ್ದರು ಎಂಬ ಆಕ್ಷೇಪಣೆ ಉಂಟು. ಆದರೂ ಆಮೇಲಿನ ಅನುಭವ ಹೆಚ್ಚು ಕಡಿಮೆ ಇದೇ ದಾರಿಯಲ್ಲಿದೆ. ಕಲ್ಲಿರುವವರಲ್ಲಿ ಬಹುಪಾಲು ಜನ ಕಲ್ಲಿನೊಂದಿಗೇ ಬದುಕಿ, ಬೇರೆ ಯಾವುದೋ ಕಾರಣಕ್ಕೆ ಸಾಯುತ್ತಾರೆ. ಹಾಗಾಗಿ ನೋವಿಲ್ಲದ ಕಲ್ಲನ್ನು ಸುಮ್ಮನೆ ಬಿಟ್ಟು ಗಮನಿಸುವುದೇ ಒಪ್ಪಿತವಾದ ಪದ್ಧತಿ. ಬರೀ ಸಕ್ಕರೆ ಕಾಯಿಲೆ ಇದೆ ಎಂಬ ಕಾರಣಕ್ಕೆ ಕೊಯ್ಯಬೇಕಾಗಿಲ್ಲ.

ಕ್ಯಾನ್ಸರಿನ ಗುಮ್ಮ? ಪಿತ್ತಕೋಶದ ಕ್ಯಾನ್ಸರ್ ಗಂಗಾ ಬಯಲಿನ ರಾಜ್ಯಗಳಲ್ಲಿ ಹೆಚ್ಚು, ದಕ್ಷಿಣದಲ್ಲಿ ಬಹಳ ಕಡಿಮೆ. ಕಲ್ಲು 3 ಸೆಂಟಿಮೀಟರ್ ದಾಟಿದರೆ, ಜೊತೆಗೆ ದುರ್ಮಾಂಸ ಬೆಳೆದಿದ್ದರೆ, ಚೀಲದ ಗೋಡೆಗೆ ಸುಣ್ಣ ಕಟ್ಟಿದ್ದರೆ ಮಾತ್ರ ನೋವಿಲ್ಲದಿದ್ದರೂ ಡಾಕ್ಟರು ಶಸ್ತ್ರಕ್ರಿಯೆಯ ಮಾತೆತ್ತುತ್ತಾರೆ. 11 ಮಿಲಿಮೀಟರಿನ ಯಜಮಾನರು ಈ ಯಾವ ಪಟ್ಟಿಯಲ್ಲೂ ಇಲ್ಲ. “ಇಂಥ ಕಲ್ಲಿಗೆ ಇವತ್ತೇ ಅಡ್ಮಿಟ್ ಆಗಿ” ಎಂದು ಯಾರಾದರೂ ಅವಸರಪಡಿಸಿದರೆ ಇನ್ನೊಬ್ಬ ಡಾಕ್ಟರ ಬಳಿ ರಿಪೋರ್ಟು ತೋರಿಸುವುದರಲ್ಲಿ ನಾಚಿಕೆಯೇನೂ ಇಲ್ಲ. ಸರಕು ಕೊಳ್ಳುವಾಗ ನಾಲ್ಕು ಅಂಗಡಿ ಸುತ್ತುವ ನಾವು ಹೊಟ್ಟೆ ಕೊಯ್ಸಿಕೊಳ್ಳುವಾಗ ಒಂದೇ ಬಾಗಿಲು ನೋಡುತ್ತೇವೆ.

ಗುಳಿಗೆ ಉಂಟು, ಆದರೆ...

ಕತ್ತರಿ ಬೇಡ ಎನ್ನುವವರಿಗೆ ಒಂದು ಗುಳಿಗೆ ಇದೆ. ಹೆಸರು ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್. ಹೆಸರಿನ ಮೊದಲ ತುಂಡು ಲ್ಯಾಟಿನ್ ಭಾಷೆಯ ಕರಡಿ! ಕರಡಿಯ ಪಿತ್ತದಲ್ಲಿ ಈ ವಸ್ತು ಹೇರಳವಾಗಿ ಸಿಕ್ಕಿತ್ತು. ಈಗ ಕಾರ್ಖಾನೆಯಲ್ಲಿ ತಯಾರಾಗುತ್ತದೆ, ಕರಡಿಯ ಗೊಡವೆ ಬೇಕಿಲ್ಲ.

ಗುಳಿಗೆ ಸುಳ್ಳಲ್ಲ, ಆದರೆ ಷರತ್ತು ಬಹಳ. ಕಲ್ಲು ಕೊಲೆಸ್ಟರಾಲಿನದೇ ಆಗಿರಬೇಕು, ಸಣ್ಣದಿರಬೇಕು, ಸುಣ್ಣ ಕಟ್ಟಿರಬಾರದು, ಚೀಲ ಇನ್ನೂ ಕೆಲಸ ಮಾಡುತ್ತಿರಬೇಕು. 5 ಮಿಲಿಮೀಟರ್ ಒಳಗಿದ್ದರೆ ಆಸೆಯುಂಟು, 10 ದಾಟಿದರೆ ಬಿಡಿ. ಆರು ತಿಂಗಳಿಂದ ಎರಡು ವರ್ಷದವರೆಗೆ ದಿನವೂ ನುಂಗಬೇಕು. ಕರಗಿತು ಎಂದು ಸಿಹಿ ಹಂಚಿದವರಲ್ಲೂ ಐದು ವರ್ಷದೊಳಗೆ ಸುಮಾರು ಅರ್ಧ ಜನಕ್ಕೆ ಮತ್ತೆ ಕಲ್ಲು. ನಮ್ಮ ಕಡೆ ಹೆಚ್ಚಾಗಿರುವ ಕಪ್ಪು ಬಣ್ಣದ ಕಲ್ಲನ್ನಂತೂ ಇದು ಮುಟ್ಟುವುದೇ ಇಲ್ಲ. ಆಪರೇಷನ್ ತಡೆಯಲಾರದಷ್ಟು ನಿತ್ರಾಣರಿಗೆ ಡಾಕ್ಟರು ಯೋಚಿಸಿ ಬರೆದುಕೊಡುವ ಔಷಧ ಇದು. ಕೌಂಟರಿನಲ್ಲಿ ಕೇಳಿ ಪಡೆಯುವ ಸಾಮಾನಲ್ಲ.

ಹೊರಗಿನಿಂದಲೇ ಅಲೆ ಹಾಯಿಸಿ ಕಲ್ಲು ಒಡೆಯುವ ಯಂತ್ರವನ್ನೂ 1985ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಪಿತ್ತಕೋಶದ ಮೇಲೆ ಪ್ರಯೋಗಿಸಿದರು. ಕಿಡ್ನಿಗೆ ಒಪ್ಪಿದ ಯಂತ್ರ ಇಲ್ಲಿ ಒಗ್ಗಲಿಲ್ಲ. ಚೂರುಗಳು ಉಳಿದವು, ಮತ್ತೆ ಕಲ್ಲಾದವು. ಹಾಗಾದರೆ ಕಲ್ಲನ್ನಷ್ಟೇ ತೆಗೆದು ಚೀಲ ಬಿಡಬಾರದೆ? ಬಿಟ್ಟರೆ ಅದೇ ಚೀಲ ಮತ್ತೆ ಕಲ್ಲು ಹೆರುತ್ತದೆ. 1882ರಲ್ಲಿ ಬರ್ಲಿನ್ನಿನ ಲಾಂಗನ್‌ಬುಕ್ ಎಂಬ ಸರ್ಜನ್ ಮೊದಲ ಸಲ ಚೀಲವನ್ನೇ ತೆಗೆದದ್ದು ಇದೇ ಯೋಚನೆಯಿಂದ.

ನೋವು ಬಂದ ಮೇಲೆ ಲೆಕ್ಕವೇ ಬೇರೆ

ತಮ್ಮನ ಹೆಂಡತಿಯ ನೋವಿಗೆ ಒಂದು ಗುರುತಿತ್ತು, ಮನೆಯಲ್ಲಿ ಯಾರೂ ಓದಲಿಲ್ಲ. ಊಟವಾಗಿ ಗಂಟೆ ಎರಡು ಗಂಟೆಗೆ, ಹೆಚ್ಚಾಗಿ ರಾತ್ರಿ, ಎದೆಗುಂಡಿಯಲ್ಲೋ ಬಲ ಪಕ್ಕೆಯಡಿಯಲ್ಲೋ ಶುರು. ಬೆನ್ನಿಗೆ, ಬಲ ಭುಜದ ಹಲಗೆಗೆ ಹಾಯುತ್ತದೆ. ಏರಿದ ಮೇಲೆ ಒಂದೇ ಸಮನೆ ನಿಲ್ಲುತ್ತದೆ. ಅರ್ಧ ಗಂಟೆಯಿಂದ ನಾಲ್ಕೈದು ಗಂಟೆ. ತೇಗು ಬಂದರೂ ಹಗುರಾಗದು, ಮಗ್ಗುಲು ಬದಲಿಸಿದರೂ ಬಿಡದು. ಆಮೇಲೆ ಏನೂ ಆಗದವರಂತೆ ಎದ್ದು ರೊಟ್ಟಿ ಬಡಿಯುತ್ತಾರೆ. ಇದು ಗ್ಯಾಸಲ್ಲ, ಕಲ್ಲು ಚೀಲದ ಬಾಯಿಗೆ ಬಂದು ಕೂತು ಹಿಂದೆ ಸರಿಯುವ ಆಟ.

(ಇಲ್ಲಿ ಒಂದು ಮಾತು. ಐವತ್ತರ ಆಸುಪಾಸಿನವರಿಗೆ ಎದೆಗುಂಡಿ ನೋವಿನ ಜೊತೆ ಬೆವರು, ಸುಸ್ತು ಬಂದರೆ ಕಲ್ಲೋ ಗ್ಯಾಸೋ ಎಂದು ಕಟ್ಟೆ ಪಂಚಾಯ್ತಿ ಬೇಡ. ಮೊದಲು ಇ.ಸಿ.ಜಿ. ಆಗಲಿ. ಹೃದಯದ ನೋವೂ ಹೀಗೇ ವೇಷ ಹಾಕಿ ಬರುತ್ತದೆ.)

ಒಮ್ಮೆ ಇಂಥ ನೋವು ಬಂದವರಿಗೆ ಮತ್ತೆ ಬರುವ ಸಂಭವವೇ ಹೆಚ್ಚು. ಜಿಡ್ಡು ಕಡಿಮೆ ಮಾಡಿದರೆ ನೋವಿನ ಸರದಿ ದೂರವಾಗಬಹುದು, ಆದರೆ ಪಥ್ಯದಿಂದ ಕಲ್ಲು ಕರಗಿ ಹೋಗದು. ಇಲ್ಲಿ ಸಣ್ಣ ಕಲ್ಲೇ ಕಿಲಾಡಿ. ದೊಡ್ಡದು ಚೀಲದಲ್ಲೇ ಕೂರುತ್ತದೆ, ಸಣ್ಣದು ಜಾರಿ ಮುಖ್ಯ ನಾಳಕ್ಕೆ ಇಳಿಯುತ್ತದೆ. ಆಗ ಕಾಮಾಲೆ, ಚಳಿಜ್ವರ, ಇಲ್ಲವೇ ಮೇದೋಜೀರಕ ಗ್ರಂಥಿಯ ಉರಿಯೂತ. ಕೊನೆಯದಂತೂ ಪ್ರಾಣಕ್ಕೇ ಸಂಚಕಾರ ತರಬಲ್ಲದು.

ಆಕೆಗೆ ಆದದ್ದು ಕಾಮಾಲೆ. ಕಣ್ಣು ಅರಿಶಿನವಾಯಿತು, ಮೂತ್ರ ಚಾ ಡಿಕಾಕ್ಷನ್ನಿನಂತಾಯಿತು, ಮೈ ತುರಿಕೆ. ಮನೆಯವರು ಬಸ್ಸು ಹತ್ತಿಸಿ ಹಳ್ಳಿಗೆ ಕರೆದುಕೊಂಡು ಹೋದರು. ಬರೀ ಹೊಟ್ಟೆಗೆ ಸೊಪ್ಪಿನ ರಸ, ಉಪ್ಪಿಲ್ಲದ ಪಥ್ಯ. ವೈರಸ್ಸಿನಿಂದ ಬಂದ ಕಾಮಾಲೆ ಎಷ್ಟೋ ಸಲ ತಾನಾಗಿ ಇಳಿಯುತ್ತದೆ, ಆಗ ಸೊಪ್ಪಿಗೆ ಹೆಸರು ಬರುತ್ತದೆ. ನಾಳದಲ್ಲಿ ಕಲ್ಲು ಅಡ್ಡ ಕೂತ ಕಾಮಾಲೆಗೆ ಯಾವ ಸೊಪ್ಪು ಏನು ಮಾಡೀತು? ಆರನೆಯ ದಿನ ಗಡಗಡ ನಡುಗುವ ಜ್ವರ. ಆಗ ಆಸ್ಪತ್ರೆ.

ಮೊದಲು ಬಾಯಿಯ ಮೂಲಕ ಕೊಳವೆ ಇಳಿಸಿ ನಾಳದ ಕಲ್ಲನ್ನು ಎಳೆದರು. ಇದಕ್ಕೆ ಇ.ಆರ್.ಸಿ.ಪಿ. ಎನ್ನುತ್ತಾರೆ. ಜ್ವರ ಇಳಿದ ಮೇಲೆ ಹೊಟ್ಟೆಗೆ ನಾಲ್ಕು ಸಣ್ಣ ತೂತು ಮಾಡಿ ಕ್ಯಾಮರಾ ಹಾಕಿ ಚೀಲ ತೆಗೆದರು. ತೂತಿನ ಈ ಪದ್ಧತಿಯನ್ನು 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಯೆ ಮೊದಲು ಮಾಡಿದರು. ನಮ್ಮ ದೇಶಕ್ಕೆ 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ತೆಹೆಮ್ಟನ್ ಉದ್ವಾಡಿಯಾ ತಂದರು. ಅದಕ್ಕೆ ಮುಂಚೆ ಗೇಣುದ್ದ ಕೊಯ್ದು, ವಾರಗಟ್ಟಲೆ ಮಲಗಿಸುತ್ತಿದ್ದರು. ಈಗ ತೊಡಕಿಲ್ಲದಿದ್ದರೆ ಒಂದೆರಡು ದಿನಕ್ಕೆ ಮನೆ, ವಾರದಲ್ಲಿ ಹಗುರ ಕೆಲಸ. ಮೂಟೆ ಎತ್ತುವುದು ಮಾತ್ರ ಕೆಲವು ವಾರ ಬೇಡ. ಅಪಾಯವೇ ಇಲ್ಲವೆಂದಲ್ಲ, ಸಾವಿರಕ್ಕೆ ಮೂರು ನಾಲ್ಕು ಜನರಿಗೆ ಪಿತ್ತನಾಳಕ್ಕೇ ಪೆಟ್ಟು ಬೀಳುವುದುಂಟು. ನೋವಿಲ್ಲದವರನ್ನು ಟೇಬಲ್ಲಿಗೆ ಹತ್ತಿಸಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಚೀಲ ಹೋದರೆ ಊಟ ಹೇಗೆ ಎಂದು ಆಕೆಯ ಅತ್ತೆಯ ಚಿಂತೆ. ಕಾರ್ಖಾನೆ ನಡೆದೇ ಇರುತ್ತದೆ, ಮಾಲು ಗೋಡೌನಿಗೆ ಹೋಗದೆ ನೇರ ಅಂಗಡಿಗೆ ಬರುತ್ತದೆ. ಕೆಲವರಿಗೆ ಒಂದಷ್ಟು ದಿನ ಭೇದಿ, ಹೆಚ್ಚಿನವರಿಗೆ ಅದೂ ಇಲ್ಲ.

ಖರ್ಚಿನ ಮಾತು ಇದ್ದೇ ಇದೆ. ಬಿ.ಪಿ.ಎಲ್. ಕಾರ್ಡಿನವರು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಒಡವೆ ಅಡ ಇಡುವ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ, 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕೌಂಟರಿನಲ್ಲಿ ವಿಚಾರಿಸುವುದು ಒಳ್ಳೆಯದು. ನೋವು ಆರು ಗಂಟೆ ದಾಟಿದರೆ, ಜೊತೆಗೆ ಜ್ವರವೋ ಕಣ್ಣು ಹಳದಿಯೋ ಕಂಡರೆ, ಕೌಂಟರಿಗೂ ಕಾಯಬೇಡಿ. ಅದು ಎಮರ್ಜೆನ್ಸಿ.

ಆಕೆ ಈಗ ಮನೆಯಲ್ಲಿದ್ದಾರೆ. ಮೊನ್ನೆ ಸಂಬಂಧಿಕರ ಮದುವೆಯಲ್ಲಿ ಹೋಳಿಗೆ ಉಂಡು ಬಂದು ರಾತ್ರಿ ನಿದ್ದೆ ಮಾಡಿದರಂತೆ. ಎರಡು ವರ್ಷದ ಮೇಲೆ ಇದು ಮೊದಲ ಸಲ. ಯಜಮಾನರು ಎರಡನೆಯ ಡಾಕ್ಟರಿಗೂ ರಿಪೋರ್ಟು ತೋರಿಸಿ ಬಂದಿದ್ದಾರೆ. ನೋವು ಬಂದರೆ ಬನ್ನಿ, ಬರದಿದ್ದರೆ ಅಂಗಡಿ ನೋಡಿಕೊಳ್ಳಿ ಎಂದರಂತೆ. ಚೀಟಿ ಇನ್ನೂ ಗಲ್ಲಾಪೆಟ್ಟಿಗೆಯಲ್ಲೇ ಇದೆ, ಉದ್ರಿ ಲೆಕ್ಕದ ಕೆಳಗೆ. ಬೆಣ್ಣೆ ದೋಸೆ ವಾರಕ್ಕೊಂದು ಎಂದು ಅವರೇ ಅವರಿಗೆ ತೀರ್ಪು ಕೊಟ್ಟುಕೊಂಡಿದ್ದಾರೆ.