ಸ್ವಾಸೊಂ ನಗರದ ಸಂತ ಆರ್ನುಲ್ಫನ ಚರಿತ್ರವಿಚಾರ

ಯೂರೋಪಖಂಡದ ಮಧ್ಯಯುಗದ ಸಂತಚರಿತೆಗಳಲ್ಲಿ ಭಟನು ಸಂನ್ಯಾಸಿಯಾದ ಕಥೆಗಳು ವಿರಳವಲ್ಲ. ಆದರೆ ಭಟನು ಸಂನ್ಯಾಸಿಯಾಗಿ, ತರುವಾಯ ಬಿಷಪ್ ಪದವಿಯನ್ನೇರಿ, ಕಡೆಗೆ ಅದನ್ನೂ ಬಿಟ್ಟು ಸಂತನೆನಿಸಿದ ಕಥೆಯು ಅಷ್ಟು ಸುಲಭವಾಗಿ ದೊರೆಯತಕ್ಕುದಲ್ಲ. ಫ್ರಾನ್ಸ್ ದೇಶದ ಸ್ವಾಸೊಂ ನಗರದ ಆರ್ನುಲ್ಫನು ಅಂಥವನು. ಬೆಲ್ಜಿಯಂ ದೇಶದಲ್ಲಿ ಈತನು ಯವಸುರೆಯನ್ನು, ಎಂದರೆ ಬಿಯರನ್ನು ಕಾಯಿಸುವವರ ರಕ್ಷಕನೆಂದೇ ಪ್ರಸಿದ್ಧನು. ಚಿತ್ರಗಳಲ್ಲಿ ಆತನ ಕೈಯಲ್ಲಿ ಹಂಡೆಯನ್ನು ಕದಡುವ ಹುಟ್ಟೊಂದಿರುತ್ತದೆ. ಈ ಪ್ರಸಿದ್ಧಿಯು ಆತನ ಚರಿತ್ರೆಯನ್ನು ಬಹುಮಟ್ಟಿಗೆ ಮರೆಮಾಡಿರುವುದರಿಂದ ಅದನ್ನು ಇಲ್ಲಿ ವಿಚಾರಿಸಲಾಗುವುದು.

ಆತನ ಚರಿತೆಯನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದವರು ಮುಖ್ಯವಾಗಿ ಇಬ್ಬರು. ಒಬ್ಬನು ಅದೇ ಸ್ವಾಸೊಂ ಪೀಠದಲ್ಲಿ ಮುಂದೆ ಕುಳಿತ ಬಿಷಪ್ ಲಿಸಿಯಾರ್ಡನು. ಮತ್ತೊಬ್ಬನು ಆರ್ನುಲ್ಫನೇ ಸ್ಥಾಪಿಸಿದ ಔಡನ್‌ಬರ್ಗ್ ಮಠದ ಅಧಿಪತಿಯಾಗಿದ್ದ ಹರಿಯುಲ್ಫನು. ಇಬ್ಬರಿಗೂ ಚರಿತನಾಯಕನಲ್ಲಿ ಭಕ್ತಿಯಿದ್ದಂತೆ ಆತನ ಕೀರ್ತಿಯಲ್ಲಿ ಪಾಲೂ ಇದ್ದಿತೆಂಬುದನ್ನು ಮರೆಯಲಾಗದು.

ಇಂಥ ಗ್ರಂಥಗಳ ಪರೀಕ್ಷೆಗೆ ನಮ್ಮ ಮೀಮಾಂಸಕರು ಅರ್ಥವಾದಗಳಲ್ಲಿ ಮಾಡಿರುವ ತ್ರಿವಿಧ ವಿಭಾಗವು ಸಹಾಯಕವಾಗುತ್ತದೆ. ಪ್ರಮಾಣಾಂತರಕ್ಕೆ ವಿರುದ್ಧವಾದುದು ಗುಣವಾದ. ಪ್ರಮಾಣಾಂತರದಿಂದ ಸಿದ್ಧವಾದುದನ್ನೇ ಹೇಳುವುದು ಅನುವಾದ. ಇವೆರಡೂ ಅಲ್ಲದುದು ಭೂತಾರ್ಥವಾದ. ವೇದವಾಕ್ಯಗಳಿಗಾಗಿ ಹುಟ್ಟಿದ ಈ ವಿಭಾಗವನ್ನು ಲೌಕಿಕ ಗ್ರಂಥಕ್ಕೆ, ಅದರಲ್ಲಿಯೂ ಮತಾಂತರದ ಗ್ರಂಥಕ್ಕೆ ಹೊಂದಿಸುವುದನ್ನು ಶುದ್ಧ ಮೀಮಾಂಸಕರು ಒಪ್ಪಲಿಕ್ಕಿಲ್ಲ. ಅನುಕೂಲಕ್ಕಾಗಿ ಮಾತ್ರ ಎರವಲು ತಂದಿದ್ದೇನೆ.

ಆರ್ನುಲ್ಫನು ಸುಮಾರು 1040ರಲ್ಲಿ ಫ್ಲಾಂಡರ್ಸ್ ನಾಡಿನ ಟೀಗೆಮ್ ಗ್ರಾಮದಲ್ಲಿ ಜನಿಸಿ, ಯೌವನದಲ್ಲಿ ಆಯುಧವೃತ್ತಿಯನ್ನು ಹಿಡಿದನು. ಆ ಕಾಲದ ಲ್ಯಾಟಿನಿನಲ್ಲಿ ಇಂಥವನಿಗೆ ‘ಮೀಲೆಸ್’ ಎಂದು ಹೆಸರು. ಪ್ರಾಚೀನ ರೋಮಿನಲ್ಲಿ ಸಾಮಾನ್ಯ ಸೈನಿಕನನ್ನು ಹೇಳುತ್ತಿದ್ದ ಈ ಶಬ್ದವು 11ನೆಯ ಶತಮಾನದ ವೇಳೆಗೆ ಪ್ರಭುವಿಗೆ ಋಣಿಯಾಗಿ ಕುದುರೆಯೇರಿ ಕಾದುವ ಭಟನಲ್ಲಿ ರೂಢವಾಗಿದ್ದಿತು. ಸಂನ್ಯಾಸಿಯನ್ನೂ ಕ್ರಿಸ್ತನ ‘ಮೀಲೆಸ್’ ಎಂದು ಕರೆಯುವ ವಾಡಿಕೆಯಿದ್ದುದರಿಂದ ಚರಿತಕಾರರಿಗೆ ಶ್ಲೇಷವು ಸಿದ್ಧವಾಗಿಯೇ ಇದ್ದಿತು: ಒಡೆಯನು ಬದಲಾದನೇ ಹೊರತು ವೃತ್ತಿಯಲ್ಲ.

ಖಡ್ಗವನ್ನಿಳಿಸಿದ ಆರ್ನುಲ್ಫನು, 6ನೆಯ ಶತಮಾನದಲ್ಲಿ ಒಂದನೆಯ ಕ್ಲೋಥಾರ್ ರಾಜನು ಸ್ಥಾಪಿಸಿದ್ದ ಸ್ವಾಸೊಂ ನಗರದ ಸಂತ ಮೆಡಾರ್ಡನ ಮಠವನ್ನು ಸೇರಿ, ಮೂರು ವರ್ಷಗಳಿಗೂ ಮೇಲ್ಪಟ್ಟು ಏಕಾಂತದಲ್ಲಿದ್ದನು. ಮಠಾಧಿಪತ್ಯವು ತನ್ನ ಮೇಲೆ ಬೀಳುವುದೆಂದು ತಿಳಿದಾಗ ಓಡಿಹೋಗಲು ಯತ್ನಿಸಲಾಗಿ, ತೋಳವೊಂದು ಅಡ್ಡಗಟ್ಟಿ ಹಿಂದಿರುಗಿಸಿತಂತೆ. ಇದು ಗುಣವಾದ, ಅಧಿಕಾರವು ಆತನಿಗೆ ಬೇಡವಾಗಿದ್ದಿತೆಂಬುದೇ ಇದರ ತಾತ್ಪರ್ಯ.

ಬಿಷಪ್ ಪದವಿಯ ಪ್ರಸಂಗವು ಇನ್ನೂ ಗಹನವಾದುದು. ಧರ್ಮಪೀಠಗಳಿಗೆ ಅಧ್ಯಕ್ಷರನ್ನು ನಿಯಮಿಸುವ ಅಧಿಕಾರವು ಅರಸರದೋ ಧರ್ಮಸಭೆಯದೋ ಎಂಬ ಕಲಹವು ಏಳನೆಯ ಗ್ರೆಗರಿ ಪೋಪನ ಕಾಲದಲ್ಲಿ (1073–1085) ಪ್ರಜ್ವಲಿಸುತ್ತಿದ್ದಿತು. 1081ರಲ್ಲಿ ಪೋಪನ ಪ್ರತಿನಿಧಿಯಾದ ದೀ ನಗರದ ಹ್ಯೂ ಎಂಬವನು ಮೋ ನಗರದ ಸಭೆಯ ಮೂಲಕ ಆರ್ನುಲ್ಫನನ್ನು ಸ್ವಾಸೊಂ ಪೀಠಕ್ಕೆ ಆರಿಸಿದನು. ಪದಚ್ಯುತನಾದ ಉರ್ಸಿಯೊ ಎಂಬ ಬಿಷಪ್ಪನ ಪಕ್ಷವು ಹೊಸಬನಿಗೆ ನಗರದಲ್ಲಿ ಎಡೆಗೊಡಲಿಲ್ಲ. ಆರ್ನುಲ್ಫನು ಹೊರಗೆ ಊಲ್ಷಿ ಎಂಬ ದುರ್ಗದಲ್ಲಿ ನಿಂತು ಬಿಷಪ್ಪನಾಗಿರಬೇಕಾಯಿತು. ಯುದ್ಧವನ್ನು ಕಲಿತವನು ಬಲವನ್ನು ಕೂಡಿಸಿ ನಗರಪ್ರವೇಶಕ್ಕೆ ಯತ್ನಿಸಬಹುದಾಗಿದ್ದಿತು. ಹಾಗೆ ಮಾಡದೆ ಪೀಠವನ್ನೇ ತ್ಯಜಿಸಿದನು. ಇದನ್ನು ಕೆಲವರು ಸೋಲೆಂದು ಎಣಿಸಬಹುದು. ನನಗಾದರೋ ಆತನ ಜೀವಿತದ ಸಾರವೇ ಇಲ್ಲಿರುವಂತೆ ತೋರುತ್ತದೆ. ತಮ್ಮ ನಾಯಕನು ತನ್ನ ನಗರವನ್ನೇ ಹೊಗಲಾರದೆ ಹೋದನೆಂಬುದನ್ನು ಕೀರ್ತಿಗಾಗಿ ಯಾವ ಭಕ್ತನೂ ಕಲ್ಪಿಸಲಾರನಾದ್ದರಿಂದ ಈ ಭಾಗವು ವಿಶ್ವಾಸಾರ್ಹವಾಗಿದೆ.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯನ್ನೂ ನೋಡಬೇಕು. ಒಂದನೆಯ ಫಿಲಿಪ್ ರಾಜನ ರಾಣಿಯಾದ ಬರ್ತಳಿಗೆ ಬಹುಕಾಲ ಪುತ್ರಸಂತಾನವಿರಲಿಲ್ಲ. ಆರ್ನುಲ್ಫನು ಪ್ರಾರ್ಥಿಸಿ, ಮಗನು ಹುಟ್ಟುವನೆಂದೂ ಲೂಯಿ ಎಂದು ಹೆಸರಿಡಬೇಕೆಂದೂ ನುಡಿದನೆಂದು ಚರಿತೆಯಲ್ಲಿದೆ. ಆರನೆಯ ಲೂಯಿಯು ಹುಟ್ಟಿದುದು 1081ರಲ್ಲಿ, ಪಟ್ಟವೇರಿದುದು 1108ರಲ್ಲಿ. ಹರಿಯುಲ್ಫನ ಗ್ರಂಥವು ಬೆಳೆದುದು ಆ ಅರಸನ ಆಳಿಕೆಯಲ್ಲಿ. ಜನನವು ಅನುವಾದ. ಭವಿಷ್ಯವಾಣಿಯನ್ನಾದರೋ ಆಳುವ ಅರಸನ ಕಿವಿಗೆ ಇಂಪಾಗುವಂತೆ ಹೇಳಿದೆಯೆಂಬುದಿಷ್ಟೇ ನಿಶ್ಚಯ.

ಪೋಪನ ಆಜ್ಞೆಯಂತೆ ಫ್ಲಾಂಡರ್ಸಿಗೆ ಹೋಗಿ, ಅಲ್ಲಿಯ ಪ್ರಭುವಾದ ಫ್ರೀಸಿಯನ್ ರಾಬರ್ಟನಿಗೂ ಆತನ ವಿರೋಧಿಗಳಿಗೂ ಸಂಧಿ ಮಾಡಿಸುವ ಕಾರ್ಯದಲ್ಲಿ ಆರ್ನುಲ್ಫನು ತೊಡಗಿದನು. ರಾಬರ್ಟನು ರಾಣಿ ಬರ್ತಳ ಮಲತಂದೆಯೇ. 1084ರಲ್ಲಿ ಸಮುದ್ರತೀರಕ್ಕೆ ಸಮೀಪದ ಔಡನ್‌ಬರ್ಗಿನಲ್ಲಿ ಸಂತ ಪೀಟರನ ಹೆಸರಿನ ಮಠವನ್ನು ಸ್ಥಾಪಿಸಿ, 1087ರಲ್ಲಿ ಅಲ್ಲಿಯೇ ತೀರಿಕೊಂಡನು. 1120ರಲ್ಲಿ ಬೋವೆ ನಗರದ ಸಭೆಯು ಆತನ ಸಂತತ್ವವನ್ನು ಅಂಗೀಕರಿಸಲಾಗಿ, ಮರುವರ್ಷ ಅಸ್ಥಿಗಳನ್ನು ಗೋರಿಯಿಂದೆತ್ತಿ ಪ್ರತಿಷ್ಠಿಸಿದರು.

ಇನ್ನು ಯವಸುರೆಯ ಮಾತು. ಸಾಂಕ್ರಾಮಿಕ ರೋಗವು ಹರಡಿದಾಗ ಆತನು ತನ್ನ ದಂಡವನ್ನು ಸುರೆಯ ಹಂಡೆಯಲ್ಲದ್ದಿ, ನೀರನ್ನು ಬಿಟ್ಟು ಇದನ್ನು ಕುಡಿಯಿರೆಂದನಂತೆ. ಕಾಯಿಸಿದುದರಿಂದ ಕ್ರಿಮಿಗಳು ನಾಶವಾದುವೆಂದು ಈಚಿನವರು ವ್ಯಾಖ್ಯಾನಿಸುತ್ತಾರೆ. ರೋಗಕ್ಕೆ ಸೂಕ್ಷ್ಮಕ್ರಿಮಿಗಳು ಕಾರಣವೆಂಬುದು 19ನೆಯ ಶತಮಾನದಲ್ಲಿ ಸ್ಥಾಪಿತವಾದ ಜ್ಞಾನ; ಅದನ್ನು 11ನೆಯ ಶತಮಾನದವನ ಬಾಯಲ್ಲಿಡುವುದು ಸಲ್ಲದು. ಅಲ್ಲದೆ 7ನೆಯ ಶತಮಾನದ ಮೆಟ್ಸ್ ನಗರದ ಬಿಷಪ್ಪನೂ ಆರ್ನುಲ್ಫನೆಂಬವನೇ, ಸಂತನೇ. ಆತನಿಗೂ ಸುರೆಯ ಪವಾಡಗಳು ಅಂಟಿಕೊಂಡಿವೆ. ನಾಮಸಾಮ್ಯದಿಂದ ಒಬ್ಬನ ಕಥೆಯು ಮತ್ತೊಬ್ಬನಿಗೆ ಸಂಕ್ರಮಿಸಿರುವುದು ಅಸಂಭವವಲ್ಲ. ಇವರನ್ನು ಬೇರ್ಪಡಿಸಲು ಪಂಚಾಂಗವೇ ಸುಲಭವಾದ ಸಾಧನ: ಮೆಟ್ಸಿನವನ ಉತ್ಸವವು ಜುಲೈ 18ರಂದು, ಸ್ವಾಸೊಂ ನಗರದವನದು ಆಗಸ್ಟ್ 14ರಂದು.