ಟ್ಯೂಬಿಲ್ಲದ ಸೈಕಲ್ ಚಕ್ರ

ಟ್ಯೂಬ್‌ಲೆಸ್ ಸೈಕಲ್ ಚಕ್ರದಲ್ಲಿ ಗಾಳಿಯನ್ನು ಹಿಡಿದಿಡುವುದು ಟಯರ್ ಮತ್ತು ರಿಮ್ ಎರಡೂ ಸೇರಿ. ಟ್ಯೂಬ್ ಇರುವ ಚಕ್ರಕ್ಕೆ ಮುಳ್ಳು ಚುಚ್ಚಿದರೆ ಗಾಳಿ ಕಡ್ಡಿಗಳ ತೂತು, ವಾಲ್ವಿನ ತೂತು, ಟಯರಿನ ಅಂಚು ಎಲ್ಲ ಕಡೆಯಿಂದಲೂ ಹೊರಟುಹೋಗುತ್ತದೆ. ಟ್ಯೂಬ್‌ಲೆಸ್‌ನಲ್ಲಿ ಈ ದಾರಿಗಳೆಲ್ಲ ಮುಚ್ಚಿರುವುದರಿಂದ ಗಾಳಿಗೆ ಉಳಿಯುವುದು ಮುಳ್ಳು ಮಾಡಿದ ತೂತು ಮಾತ್ರ. ಅದಕ್ಕೂ ಮುಳ್ಳೇ ಬಿರಡೆಯಾಗಿರುತ್ತದೆ. ಗುಂಡಿಗೆ ಇಳಿದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಜೋಡಿ ತೂತಾಗುವ ಪ್ರಶ್ನೆಯೂ ಇಲ್ಲ. ಹಾಗಾಗಿ ಗಾಳಿಯನ್ನು ತುಸು ಕಡಿಮೆ ಇಟ್ಟು, ಕುಲುಕಾಟವಿಲ್ಲದೆ ಓಡಿಸಬಹುದು.

ಶಿವಮೊಗ್ಗದಿಂದ ಭದ್ರಾವತಿಗೆ ಹೆದ್ದಾರಿಯಲ್ಲಿ ಸುಮಾರು 20 ಕಿ.ಮೀ. ಲಾರಿ, ಬಸ್ಸುಗಳಿಗೆ ದಾರಿ ಬಿಟ್ಟು ಅಂಚಿಗೆ ಸರಿಯುವ ಸೈಕಲ್ಲಿಗೆ ಇಂಥ ರಸ್ತೆಗಳಲ್ಲಿ ಎದುರಾಗುವುದು ಜಾಲಿ ಮುಳ್ಳು, ನೆಗ್ಗಿಲು ಮುಳ್ಳು, ಸವೆದ ಲಾರಿ ಟಯರುಗಳಿಂದ ಉದುರಿದ ಸಣ್ಣ ಉಕ್ಕಿನ ತಂತಿ. ನೆಗ್ಗಿಲು ಕಾಯಿ ಒಣಗಿದರೆ ಐದು ಹೋಳಾಗುತ್ತದೆ. ಯಾವ ಹೋಳು ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಇವೆಲ್ಲ ಮಾಡುವ ತೂತು ಸಣ್ಣದು. ಟ್ಯೂಬ್‌ಲೆಸ್ ಚಕ್ರ ಚೆನ್ನಾಗಿ ನಿಭಾಯಿಸುವುದು ಇಂಥ ತೂತನ್ನೇ.

ಸ್ಕೂಟರ್, ಕಾರುಗಳಿಗೆ ಎಂದೋ ಬಂದ ಈ ವ್ಯವಸ್ಥೆ ಸೈಕಲ್ಲಿಗೆ ತಡವಾಗಿ ಬಂದದ್ದಕ್ಕೆ ಮುಖ್ಯ ಕಾರಣ ಕಡ್ಡಿಗಳು. ಎರಕದ ಚಕ್ರದಲ್ಲಿ ವಾಲ್ವಿನ ತೂತು ಬಿಟ್ಟರೆ ಬೇರೆ ತೂತಿಲ್ಲ. ಸೈಕಲ್ ರಿಮ್ಮಿನಲ್ಲಿ ಸಾಮಾನ್ಯವಾಗಿ 32 ಅಥವಾ 36. ಫ್ರಾನ್ಸಿನ ಮಾವಿಕ್ ಕಂಪನಿ 1999ರಲ್ಲಿ ಒಳಮೈಗೆ ತೂತೇ ಇಲ್ಲದ ರಿಮ್ ತಂದಿತು. ತೂತಿರುವ ರಿಮ್ಮಿಗೆ ಟೇಪ್ ಸುತ್ತಿ, ಒಳಗೆ ಸೀಲೆಂಟ್ ಎಂಬ ದ್ರವ ಹಾಕುವ ಅಗ್ಗದ ಉಪಾಯವನ್ನು ಆಮೇಲೆ ಜನಪ್ರಿಯಗೊಳಿಸಿದ್ದು ಅಮೆರಿಕದ ನೋಟ್ಯೂಬ್ಸ್. ಈಗ ಎಲ್ಲೆಡೆ ನಡೆಯುವುದು ಇದೇ.

ಆದರೆ ಪರಿವರ್ತನೆ ಕೈಗೂಡುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ದ್ರವವಲ್ಲ, ಬೀಡ್. ಟಯರಿನ ಎರಡೂ ಅಂಚಿನೊಳಗೆ ಹುದುಗಿರುವ, ಹಿಗ್ಗದ ತಂತಿ ಅಥವಾ ನಾರಿನ ಬಳೆಯೇ ಬೀಡ್. ಟ್ಯೂಬ್‌ಲೆಸ್ ರಿಮ್ಮಿನ ಒಳಗೆ ಇದು ಬಿಗಿಯಾಗಿ ಕೂರಲು ಎರಡು ಬದಿ ಸಮತಟ್ಟು ಜಗಲಿ, ನಡುವೆ ಕಾಲುವೆ ಇರುತ್ತದೆ. ಹಳೆಯ 28 ಇಂಚಿನ ಕರಿ ಸೈಕಲ್ಲಿನ ಒಂದೇ ಪದರದ ಉಕ್ಕಿನ ರಿಮ್ಮಿನಲ್ಲಿ ಈ ಜಗಲಿಯಿಲ್ಲ. ಅದಕ್ಕೆ ಟ್ಯೂಬೇ ಸರಿ. ಪಂಚರ್ ಅಂಗಡಿಯ ನೀರಿನ ಬಾನಿ, ಉಪ್ಪುಕಾಗದ, ಸಲ್ಯೂಷನ್ ಅದಕ್ಕೆ ಸಾಕು. ಎರಡು ಪದರದ ಅಲಾಯ್ ರಿಮ್ ಮೇಲೆ ‘ಟ್ಯೂಬ್‌ಲೆಸ್ ರೆಡಿ’ ಎಂದಿದ್ದು, ಟಯರಿನ ಮೇಲೂ ಹಾಗೇ ಇದ್ದರೆ ಮಾತ್ರ ಕೈಹಾಕುವುದು ಒಳ್ಳೆಯದು. ಸಾಮಾನ್ಯ ಟಯರನ್ನು ಹೇಗೋ ಕೂರಿಸುವವರಿದ್ದಾರೆ. ಓಡುವಾಗ ಅದು ರಿಮ್ಮಿನಿಂದ ಕಳಚಿದರೆ ಬೀಳುವುದು ಸವಾರ.

ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವುದು ಟೇಪ್. ರಿಮ್ಮಿನ ಒಳಮೈಯನ್ನು ಸ್ಪಿರಿಟ್ಟಿನಿಂದ ಒರೆಸಿ, ಒಳ ಅಗಲಕ್ಕಿಂತ ಎರಡು ಮೂರು ಮಿ.ಮೀ. ಹೆಚ್ಚು ಅಗಲದ ಟೇಪನ್ನು ಎಳೆದೆಳೆದು, ಸುಕ್ಕು ಬಾರದಂತೆ ಸುತ್ತಬೇಕು. ವಾಲ್ವ್ ಆರಿಸುವಾಗ ರಿಮ್ಮಿನ ತೂತು ನೋಡಬೇಕು. 8.5 ಮಿ.ಮೀ. ತೂತಿದ್ದರೆ ಬೈಕಿನಲ್ಲಿರುವಂಥ ದಪ್ಪ ವಾಲ್ವ್ ಹಾಕುವುದು ಜಾಣತನ. ಯಾವ ಪಂಚರ್ ಅಂಗಡಿಯ ಕಂಪ್ರೆಸರ್ ಆದರೂ ಹೊಂದುತ್ತದೆ. 6.5 ಮಿ.ಮೀ. ತೂತಿನ ಸಣ್ಣ ವಾಲ್ವಿಗೆ ಅಡಾಪ್ಟರ್ ಬೇಕು. ಟಯರ್ ಏರಿಸಿ, ಅಂಚಿಗೆ ಸೋಪಿನ ನೀರು ಸವರಿ, ಒಮ್ಮೆಲೇ ಜೋರಾಗಿ ಗಾಳಿ ಬಿಟ್ಟರೆ ಬೀಡ್ ಕಾಲುವೆಯಿಂದ ಜಗಲಿಗೆ ‘ಟಪ್’ ಎಂದು ಹಾರಿ ಕೂರುತ್ತದೆ. ಕೈಪಂಪಿನ ನಿಧಾನದ ಗಾಳಿ ಬಹುಮಟ್ಟಿಗೆ ಸಂದಿಯಲ್ಲೇ ಸೋರಿಹೋಗುತ್ತದೆ. ಟಯರ್ ಮತ್ತು ರಿಮ್ಮಿನ ಮೇಲೆ ಬರೆದ ಒತ್ತಡಗಳಲ್ಲಿ ಕಡಿಮೆಯದನ್ನು ಮೀರಬಾರದು. ಕೊಕ್ಕೆಯಂಚಿಲ್ಲದ ಹೊಸ ಬಗೆಯ ರಿಮ್ಮುಗಳಿಗೆ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ, ಗರಿಷ್ಠ ಮಿತಿ.

ನಂತರ ಗಾಳಿ ಇಳಿಸಿ, ವಾಲ್ವಿನ ಒಳಗಿನ ಪಿನ್ ಬಿಚ್ಚಿ, ಸೀಲೆಂಟ್ ಹಾಕಬೇಕು: 40 ಮಿ.ಮೀ. ಟಯರಿಗೆ 60ರಿಂದ 90 ಮಿಲಿ, ದಪ್ಪ ಮೌಂಟನ್ ಬೈಕ್ ಟಯರಿಗೆ 100–120. ಬಹಳಷ್ಟು ಸೀಲೆಂಟ್‌ಗಳ ಮೂಲವಸ್ತು ರಬ್ಬರ್ ಹಾಲು. ಸುಳ್ಯ, ಪುತ್ತೂರಿನ ತೋಟಗಳಲ್ಲಿ ಮರದಿಂದ ಇಳಿಯುವ ಹಾಲು ಹೆಪ್ಪಾಗದೆ ಉಳಿಯಬೇಕಾದರೆ ಅಮೋನಿಯ ಬೆರೆಸುತ್ತಾರೆ, ಹಾಳೆ ಮಾಡಬೇಕಾದರೆ ಆಮ್ಲ ಹಾಕುತ್ತಾರೆ. ಹಲವು ಸೀಲೆಂಟ್‌ಗಳು ಡಬ್ಬಿಯಲ್ಲಿ ದ್ರವವಾಗಿ ಉಳಿಯುವುದೂ ಅಮೋನಿಯದಿಂದಲೇ. ತೂತಿನಿಂದ ಗಾಳಿ ನುಗ್ಗುವಾಗ ದ್ರವದಲ್ಲಿರುವ ನಾರು, ಕಣಗಳು ಅಲ್ಲಿ ಸಿಕ್ಕಿಕೊಳ್ಳುತ್ತವೆ, ನೀರು ಆರುತ್ತದೆ, ರಬ್ಬರ್ ಗಟ್ಟಿಯಾಗಿ ತೂತು ಮುಚ್ಚುತ್ತದೆ. ತುರ್ತಿಗೆಂದು ಕಾರ್ಬನ್ ಡೈಆಕ್ಸೈಡ್ ಕಾರ್ಟ್ರಿಜ್‌ನಿಂದ ಗಾಳಿ ತುಂಬಿದರೆ ಕೆಲವು ಸೀಲೆಂಟ್ ಒಳಗೇ ಹೆಪ್ಪುಗಟ್ಟುವುದೂ ಆಮ್ಲದಿಂದಲೇ. ಆ ಅನಿಲ ನೀರಿನಲ್ಲಿ ಕರಗಿದರೆ ಆಮ್ಲವಾಗುತ್ತದೆ.

ದ್ರವ ಹಾಕಿದ ಮೇಲೆ ಚಕ್ರವನ್ನು ಅಲುಗಾಡಿಸಿ, ಎರಡೂ ಬದಿಗೆ ಒಂದಷ್ಟು ಹೊತ್ತು ಮಲಗಿಸಿ, ಸ್ವಲ್ಪ ದೂರ ಓಡಿಸಿದರೆ ಸಣ್ಣ ಸೋರಿಕೆಗಳು ನಿಲ್ಲುತ್ತವೆ. ಸೀಲೆಂಟ್ ತಿಂಗಳುಗಳಲ್ಲಿ ಒಣಗುತ್ತದೆ, ಬೇಸಗೆಯಲ್ಲಿ ಇನ್ನೂ ಬೇಗ. ಎರಡು ಮೂರು ತಿಂಗಳಿಗೊಮ್ಮೆ ನೋಡಿ ಮತ್ತೆ ತುಂಬಬೇಕು. ಇದನ್ನು ಮರೆತವರು ಟ್ಯೂಬ್‌ಲೆಸ್ಸನ್ನೇ ದೂರುವುದುಂಟು.

ಟಯರಿನ ಬದಿ ಸೀಳಿದರೆ, ಅಥವಾ ಸುಮಾರು 6 ಮಿ.ಮೀ.ಗಿಂತ ದೊಡ್ಡ ತೂತಾದರೆ ದ್ರವ ಕೈಬಿಡುತ್ತದೆ. ತೂತಿಗೆ ರಬ್ಬರ್ ಬತ್ತಿ ತುರುಕಬಹುದು. ಬೈಕಿನ ದಪ್ಪ ಬತ್ತಿಯಲ್ಲ, ಸೈಕಲ್ಲಿನ ತೆಳು ಬತ್ತಿ. ಅದೂ ನಿಲ್ಲದಿದ್ದರೆ ಉಳಿಯುವುದು ಟ್ಯೂಬ್ ಹಾಕುವುದೊಂದೇ, ಹಾಗಾಗಿ ಸವಾರರು ಚೀಲದಲ್ಲಿ ಒಂದನ್ನು ಇಟ್ಟುಕೊಂಡೇ ಹೊರಡುತ್ತಾರೆ. ಹಾಕುವ ಮೊದಲು ಟಯರಿನ ಒಳಮೈಯನ್ನು ಬೆರಳಿನಿಂದ ಎಚ್ಚರವಾಗಿ ತಡವಿ, ಹಿಂದೆ ಗೊತ್ತೇ ಆಗದೆ ಚುಚ್ಚಿ ಮುಚ್ಚಿಹೋಗಿದ್ದ ಮುಳ್ಳುಗಳನ್ನೆಲ್ಲ ಕಿತ್ತು ತೆಗೆಯಬೇಕು; ಇಲ್ಲದಿದ್ದರೆ ಅವೇ ಹೊಸ ಟ್ಯೂಬನ್ನು ಚುಚ್ಚುತ್ತವೆ.