ತುಂಡು ನಕ್ಷೆಗಳ ಲೆಕ್ಕಾಚಾರ

ಉಪಗ್ರಹ ಚಿತ್ರ, ಎತ್ತರದ ಮಾಪನ, ಜಮೀನಿನ ಗಡಿರೇಖೆಗಳಂಥ ಭೂಮಾಹಿತಿ ಗಾತ್ರದಲ್ಲಿ ಬಹಳ ದೊಡ್ಡದು. ಆದರೆ ಒಂದು ಸಲಕ್ಕೆ ಬೇಕಾಗುವುದು ಅದರ ಸಣ್ಣ ಭಾಗ ಮಾತ್ರ. ಒಂದು ಕೆರೆಯ ಒತ್ತುವರಿ ಪರಿಶೀಲಿಸಲು ಇಡೀ ರಾಜ್ಯದ ಚಿತ್ರವನ್ನು ತೆರೆಯಬೇಕಾಗಿಲ್ಲ. ಅದಕ್ಕಾಗಿ ಮಾಹಿತಿಯನ್ನು ಆಯತಾಕಾರದ ತುಂಡುಗಳಾಗಿ ಕತ್ತರಿಸಿ, ಪ್ರತಿಯೊಂದಕ್ಕೂ ವಿಳಾಸ ಕೊಟ್ಟು ಇಡುತ್ತಾರೆ. ಅಂಥ ಒಂದು ತುಂಡೇ ಟೈಲ್.

ಕ್ರಮವೇನೋ ಕಂಪ್ಯೂಟರಿಗಿಂತ ಹಳೆಯದು. 1767ರಲ್ಲಿ ಆರಂಭವಾದ ಸರ್ವೆ ಆಫ್ ಇಂಡಿಯಾದ ಟೋಪೋಶೀಟುಗಳಲ್ಲಿ ನಾಲ್ಕು ಡಿಗ್ರಿ ಅಗಲ, ನಾಲ್ಕು ಡಿಗ್ರಿ ಎತ್ತರದ ಚೌಕಕ್ಕೆ ಒಂದು ಸಂಖ್ಯೆ. ಅದನ್ನು ಹದಿನಾರು ಪಾಲು ಮಾಡಿ ಎ ಇಂದ ಪಿ ವರೆಗೆ ಅಕ್ಷರ ಕೊಡುತ್ತಾರೆ. ಒಂದೊಂದು ಅಕ್ಷರದ ಚೌಕವನ್ನು ಮತ್ತೆ ಹದಿನಾರು ಪಾಲು ಮಾಡಿ 1ರಿಂದ 16ರ ವರೆಗೆ ಸಂಖ್ಯೆ ಕೊಡುತ್ತಾರೆ. ಹಾಗಾಗಿ ‘57 ಎಚ್/9’ ಎಂದರೆ ಸಾಕು, ಅದು ಬೆಂಗಳೂರಿನ ಹಾಳೆಯೆಂದು ತಿಳಿಯುತ್ತದೆ. 13 ಡಿಗ್ರಿ ಅಕ್ಷಾಂಶ ನಗರದ ನಡುವೆಯೇ ಹಾದುಹೋಗುವುದರಿಂದ ಉತ್ತರದ ಬಡಾವಣೆಗಳು ‘57 ಜಿ/12’ರಲ್ಲಿವೆ. ಗೆರೆ ಎಳೆಯುವ ಗಣಿತಕ್ಕೆ ಊರಿನ ಮೇಲೆ ದಾಕ್ಷಿಣ್ಯವಿಲ್ಲ.

ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳಿಗೂ ಇದೇ ಬಗೆಯ ವಿಳಾಸ. ಆದರೆ ಅಲ್ಲಿ ಕತ್ತರಿಸುವುದು ಡಿಗ್ರಿಯಲ್ಲಲ್ಲ, ಕಿಲೋಮೀಟರಿನಲ್ಲಿ. ಸಮಭಾಜಕದ ಬಳಿ ಸುಮಾರು 111 ಕಿ.ಮೀ. ಇರುವ ಒಂದು ಡಿಗ್ರಿ ರೇಖಾಂಶ 60ನೇ ಅಕ್ಷಾಂಶದಲ್ಲಿ ಅರ್ಧಕ್ಕಿಳಿಯುತ್ತದೆ. ಡಿಗ್ರಿಯ ತುಂಡುಗಳು ಧ್ರುವದ ಕಡೆಗೆ ಕಿರಿದಾಗುತ್ತ ಹೋಗುತ್ತವೆ. ಬೆಂಗಳೂರು ಬರುವುದು ‘43 ಪಿಜಿಕ್ಯೂ’ ಟೈಲಿನಲ್ಲಿ. ಜಾಲದ ಮನೆಗಳು 100 ಕಿ.ಮೀ. ಅಂತರದಲ್ಲಿದ್ದರೂ ಟೈಲಿನ ಬದಿ 109.8 ಕಿ.ಮೀ. ಇದೆ. ಹೆಚ್ಚುವರಿ ಪಟ್ಟಿ ಪಕ್ಕದ ಟೈಲಿನಲ್ಲೂ ಪುನಃ ಬರುತ್ತದೆ. ಪಿಕ್ಸೆಲ್ಲಿಗೆ 10 ಮೀಟರಿನಂತೆ ಒಂದು ಬಣ್ಣದ ಪದರದಲ್ಲೇ 12 ಕೋಟಿ ಪಿಕ್ಸೆಲ್‌ಗಳು.

ಹೀಗೆ ಕತ್ತರಿಸಿದ ತುಂಡಿನ ಒಳಗೂ ಮತ್ತೆ ಕತ್ತರಿಸುವುದು ಅಗತ್ಯ. ಚಿತ್ರವನ್ನು ಸಾಲುಸಾಲಾಗಿ ಸಂಕುಚಿಸಿ ಬರೆದಿಟ್ಟರೆ, 256 ಪಿಕ್ಸೆಲ್ ಚದರದ ಒಂದು ಊರನ್ನು ನೋಡಲು 256 ಪೂರ್ಣ ಸಾಲುಗಳನ್ನು, ಅಂದರೆ 28 ಲಕ್ಷ ಪಿಕ್ಸೆಲ್‌ಗಳನ್ನು ಬಿಚ್ಚಬೇಕು. ಅದೇ ಅಳತೆಯ ಚೌಕಗಳಲ್ಲಿ ಬರೆದಿಟ್ಟಿದ್ದರೆ, ಊರು ಚೌಕಗಳ ಕೂಡುಮೂಲೆಯಲ್ಲೇ ಬಿದ್ದರೂ ನಾಲ್ಕು ಚೌಕ ಸಾಕು. ಆಗ ಬಿಚ್ಚಬೇಕಾದದ್ದು 2.6 ಲಕ್ಷ. 1992ರ ಟಿಫ್ 6.0 ಆವೃತ್ತಿಯಲ್ಲಿ ಈ ಏರ್ಪಾಡು ಇದೆ. ಕಡತದ ಆರಂಭದಲ್ಲೇ ಯಾವ ಚೌಕ ಎಲ್ಲಿದೆ ಎಂಬ ಪಟ್ಟಿ ಇದ್ದರೆ, ದೂರದ ಸರ್ವರಿನಿಂದ ಬೇಕಾದ ಚೌಕವನ್ನಷ್ಟೇ ಅಂತರಜಾಲದ ಮೂಲಕ ತರಿಸಿಕೊಳ್ಳಬಹುದು. ಚೌಕ ತೀರ ಚಿಕ್ಕದಾದರೆ ಒಂದೊಂದನ್ನೂ ಕೇಳಿ ತರಿಸುವ ಖರ್ಚೇ ಹೆಚ್ಚಾಗುತ್ತದೆ; 256 ಅಥವಾ 512 ಪಿಕ್ಸೆಲ್ ಬದಿ ಸಾಮಾನ್ಯ ಆಯ್ಕೆ.

ಮೊಬೈಲ್ ನಕ್ಷೆಗಳಲ್ಲಿ ಇಡೀ ಜಗತ್ತು ಸೊನ್ನೆಯ ಹಂತದಲ್ಲಿ ಒಂದೇ ಟೈಲ್, ಮುಂದಿನ ಹಂತದಲ್ಲಿ ನಾಲ್ಕು, ಆಮೇಲೆ ಹದಿನಾರು. ಈ ಲೆಕ್ಕದಲ್ಲಿ 18ನೇ ಹಂತಕ್ಕೆ 6,800 ಕೋಟಿ ದಾಟುತ್ತದೆ. ನೆರೆಯ ಟೈಲುಗಳು ಡಿಸ್ಕಿನಲ್ಲೂ ಆದಷ್ಟು ಹತ್ತಿರವಿದ್ದರೆ ಓದುವುದು ಬೇಗ. ಇದಕ್ಕೆ ಜಿ. ಎಂ. ಮಾರ್ಟನ್ ಕೆನಡಾದಲ್ಲಿ 1966ರಲ್ಲೇ ಒಂದು ಸೊಗಸಾದ ಉಪಾಯ ಸೂಚಿಸಿದ್ದರು: ಸಾಲು ಮತ್ತು ಕಂಬದ ಸಂಖ್ಯೆಗಳ ದ್ವಿಮಾನ ಅಂಕಿಗಳನ್ನು ಒಂದರ ನಡುವೆ ಒಂದರಂತೆ ಹೆಣೆದು ಒಂದೇ ಸಂಖ್ಯೆ ಮಾಡುವುದು. ಆ ಸಂಖ್ಯೆಯ ಕ್ರಮದಲ್ಲಿ ಜೋಡಿಸಿದರೆ ನೆಲದ ಮೇಲಿನ ನೆರೆಹೊರೆ ಬಹುಮಟ್ಟಿಗೆ ಕಡತದಲ್ಲೂ ನೆರೆಹೊರೆಯಾಗಿ ಉಳಿಯುತ್ತದೆ.

ತುಂಡುಗಳ ದೊಡ್ಡ ಲಾಭವೆಂದರೆ ಅವನ್ನು ಹಲವು ಕಂಪ್ಯೂಟರುಗಳಿಗೆ ಹಂಚಿ ಏಕಕಾಲಕ್ಕೆ ದುಡಿಸಬಹುದು. ಪಿಕ್ಸೆಲ್ಲಿಗೊಂದು ಲೆಕ್ಕವಾದರೆ, ಉದಾಹರಣೆಗೆ ಹಸಿರಿನ ಸೂಚ್ಯಂಕ, ತೊಡಕೇ ಇಲ್ಲ. ತೊಡಕು ಇರುವುದು ಅಂಚಿನಲ್ಲಿ. ಇಳಿಜಾರು ಲೆಕ್ಕ ಹಾಕಲು ಪ್ರತಿ ಪಿಕ್ಸೆಲ್ಲಿಗೂ ಸುತ್ತಲಿನ ಎಂಟರ ಎತ್ತರ ಗೊತ್ತಿರಬೇಕು. ಅಂಚಿನ ಪಿಕ್ಸೆಲ್ಲಿಗೆ ಅದು ಸಿಗದೆ ಫಲಿತಾಂಶದಲ್ಲಿ ಹೊಲಿಗೆಯಂಥ ಗೆರೆಗಳು ಮೂಡುತ್ತವೆ. ಪ್ರತಿ ಟೈಲಿಗೂ ನೆರೆಯಿಂದ ಒಂದು ಪಿಕ್ಸೆಲ್ ಅಗಲದ ಪಟ್ಟಿ ಸೇರಿಸಿಕೊಟ್ಟು, ಲೆಕ್ಕ ಮುಗಿದ ಮೇಲೆ ಅದನ್ನು ಕತ್ತರಿಸಿ ಹಾಕಿದರೆ ಗೆರೆ ಮಾಯ. ರೇಖಾಚಿತ್ರದಲ್ಲಾದರೆ ಎರಡು ಟೈಲುಗಳಲ್ಲಿ ಹರಡಿದ ಕೆರೆ ಎರಡು ಕೆರೆಯಾಗಿ ಎಣಿಕೆಗೆ ಬರುತ್ತದೆ. ಎರಡೂ ಪಾಲಿಗೆ ಒಂದೇ ಗುರುತಿನ ಸಂಖ್ಯೆ ಕೊಟ್ಟು ಕೊನೆಗೆ ಕೂಡಿಸಬೇಕು.

ಹರಿಯುವ ನೀರು ಮಾತ್ರ ಯಾವ ಪಟ್ಟಿಗೂ ಬಗ್ಗುವುದಿಲ್ಲ. ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಎಷ್ಟು ವಿಸ್ತಾರದ ನೆಲದ ನೀರು ಸೇರುತ್ತದೆ ಎಂಬ ಲೆಕ್ಕಕ್ಕೆ ತಲಕಾವೇರಿಯ ಬೆಟ್ಟವೂ ಬೇಕು, ಹೇಮಾವತಿ ಹುಟ್ಟುವ ಮೂಡಿಗೆರೆಯ ಕಡೆಯ ನೆಲವೂ ಬೇಕು. ಅಂಚಿನ ಪಟ್ಟಿಯನ್ನು ಎಷ್ಟು ಅಗಲ ಮಾಡಿದರೂ ಇದಕ್ಕಿಂತ ಉದ್ದದ ನದಿಯೊಂದು ಇದ್ದೇ ಇರುತ್ತದೆ. ಆದ್ದರಿಂದ ಇಲ್ಲಿ ಕೆಲಸ ಎರಡು ಸುತ್ತಿನದು. ಮೊದಲು ಪ್ರತಿ ಟೈಲಿನೊಳಗೆ ನೀರು ಯಾವ ಅಂಚಿನಿಂದ ಬಂದು ಯಾವ ಅಂಚಿಗೆ ಹೋಗುತ್ತದೆ, ಟೈಲಿನ ಸ್ವಂತ ನೆಲದಿಂದ ಎಷ್ಟು ಸೇರುತ್ತದೆ ಎಂದು ಕಂಡುಕೊಳ್ಳುತ್ತಾರೆ. ಈ ಅಂಚಿನ ವಿವರಗಳನ್ನಷ್ಟೇ ಒಂದೆಡೆ ತಂದು, ಟೈಲಿನಿಂದ ಟೈಲಿಗೆ ದಾಟುವ ಮೊತ್ತವನ್ನು ಮೇಲಿನಿಂದ ಕೆಳಕ್ಕೆ ಕೂಡಿಸುತ್ತಾರೆ. ಎರಡನೇ ಸುತ್ತಿನಲ್ಲಿ ಹೊರಗಿನಿಂದ ಬಂದ ಪಾಲನ್ನು ಪ್ರತಿ ಟೈಲಿಗೂ ತಿಳಿಸಿದಾಗ, ಅದು ತನ್ನೊಳಗಿನ ಹರಿವಿನ ದಾರಿಯುದ್ದಕ್ಕೂ ಅಷ್ಟನ್ನು ಸೇರಿಸಿಕೊಂಡು ಲೆಕ್ಕ ಪೂರೈಸುತ್ತದೆ.